ನೋಡಿದರೂ ಕಾಣದ ಬೈಕು: ಮ್ಯಾನ್‌ಹಟನ್ ರಸ್ತೆಗಿಳಿಯುವ ಮುನ್ನ

ನ್ಯೂಯಾರ್ಕ್-ನ್ಯೂಜೆರ್ಸಿ ಕಡೆ ಹಿಮ ಕರಗಿ ಬಿಸಿಲು ಬಂತೆಂದರೆ ಎರಡು ಸಂಗತಿ ಖಂಡಿತ. ಒಂದು, ಕನ್ನಡ ಕೂಟಗಳಲ್ಲಿ ಪಿಕ್ನಿಕ್ಕಿನ ಮಾತು. ಇನ್ನೊಂದು, ಚಳಿಗಾಲವಿಡೀ ಗ್ಯಾರೇಜಿನಲ್ಲಿ ಹೊದ್ದು ಮಲಗಿದ್ದ ಮೋಟಾರ್‌ಸೈಕಲ್ಲುಗಳು ರಸ್ತೆಗಿಳಿಯುವುದು. ನಮ್ಮವರಲ್ಲೂ ಬೈಕಿನ ಹುಚ್ಚಿನವರು ಕಡಿಮೆಯೇನಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ತಯಾರಾದ ಯೆಜ್ದಿಯ ಟ್ಯಾಂಕಿನ ಮೇಲೆ ಕೂತು ಅಪ್ಪನ ಜೊತೆ ಪೇಟೆ ಸುತ್ತಿದವರು ಈಗ ಇಲ್ಲಿ ಕೋಡ್ ಬರೆಯುತ್ತಿದ್ದಾರೆ! ಜೊತೆಗೆ, ಮ್ಯಾನ್‌ಹಟನ್ನಿನ 60ನೇ ಬೀದಿಯಿಂದ ಕೆಳಗಿನ ಭಾಗಕ್ಕೆ 2025ರ ಜನವರಿಯಲ್ಲಿ ದಟ್ಟಣೆ ಶುಲ್ಕ ಶುರುವಾದಾಗ ಹಗಲು ಹೊತ್ತಿನಲ್ಲಿ ಕಾರಿಗೆ 9 ಡಾಲರ್, ಬೈಕಿಗೆ ಅದರ ಅರ್ಧ ಎಂದಾಯಿತು. ಆಫೀಸಿಗೆ ಬೈಕಿನಲ್ಲೇ ಹೋದರೆ ಹೇಗೆ ಎಂಬ ಯೋಚನೆ ಬರುವುದು ಸಹಜವೇ.

ಯೋಚನೆ ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಹತ್ತು ವರ್ಷ ಬೈಕು ಓಡಿಸಿದ ಅನುಭವ ಇಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ದ್ವಿಚಕ್ರದವರು ಬಹುಸಂಖ್ಯಾತರು, ಇಲ್ಲಿ ಅಲ್ಪಸಂಖ್ಯಾತರು. ಅಮೆರಿಕದಲ್ಲಿ ನೋಂದಣಿಯಾದ ವಾಹನಗಳಲ್ಲಿ ಮೋಟಾರ್‌ಸೈಕಲ್ಲುಗಳ ಪಾಲು ಶೇಕಡ 3ರ ಆಸುಪಾಸು. ಆದರೆ ರಸ್ತೆ ಸಾವುಗಳಲ್ಲಿ ಅವುಗಳ ಪಾಲು ಸುಮಾರು ಶೇಕಡ 15. 2022ನೇ ಇಸವಿಯೊಂದರಲ್ಲೇ 6,200ಕ್ಕೂ ಹೆಚ್ಚು ಬೈಕ್ ಸವಾರರು ಪ್ರಾಣ ಕಳೆದುಕೊಂಡರು.

ಇದಕ್ಕೆಲ್ಲ ಸವಾರರ ಭಂಡತನವೇ ಕಾರಣ ಎನ್ನುವಂತಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಬೈಕಿಗೂ ಬೇರೆ ವಾಹನಕ್ಕೂ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನದವರು ಬೈಕಿಗೆ ದಾರಿ ಬಿಡದೆ ನುಗ್ಗಿದ್ದರಿಂದ ಆದವು. ಕಾರಿನವರು ಹೇಳಿದ್ದು ಒಂದೇ ಮಾತು: "ನನಗೆ ಬೈಕು ಕಾಣಿಸಲೇ ಇಲ್ಲ."

ಅವರು ಸುಳ್ಳು ಹೇಳುತ್ತಿಲ್ಲ. ತೊಂದರೆ ಇರುವುದೇ ಅಲ್ಲಿ!

ಕಾಣುವುದಿಲ್ಲ, ಯಾಕೆ?

ಕಣ್ಣು ಕ್ಯಾಮೆರಾ ಆದರೆ ಮಿದುಳು ಅದರ ಹಿಂದಿನ ಸಾಫ್ಟ್‌ವೇರ್. ಬಂದದ್ದನ್ನೆಲ್ಲ ಅದು ತೋರಿಸುವುದಿಲ್ಲ. ನಮ್ಮ ಇಮೇಲಿನ ಸ್ಪ್ಯಾಮ್ ಫಿಲ್ಟರ್ ಇದ್ದಂತೆ, ನಿರೀಕ್ಷಿಸಿದ್ದನ್ನು ಒಳಗೆ ಬಿಟ್ಟು ಉಳಿದದ್ದನ್ನು ಪಕ್ಕಕ್ಕೆ ತಳ್ಳುತ್ತದೆ. ಕೂಡುರಸ್ತೆಯಲ್ಲಿ ನಿಂತ ಡ್ರೈವರ್ ಹುಡುಕುವುದು ಕಾರು, ಬಸ್ಸು, ಟ್ರಕ್ಕುಗಳನ್ನು. ಬೈಕು ಆ ಪಟ್ಟಿಯಲ್ಲೇ ಇಲ್ಲ.

ಎರಡನೆಯದು ಕಣ್ಣಿನ ಜಿಗಿತ. ತಲೆ ತಿರುಗಿಸಿ ಎಡಬಲ ನೋಡುವಾಗ ನಮ್ಮ ದೃಷ್ಟಿ ನೀರಿನಂತೆ ಹರಿಯುವುದಿಲ್ಲ, ಕಪ್ಪೆಯಂತೆ ನೆಗೆಯುತ್ತದೆ. ನೆಗೆತದ ನಡುವೆ ಮಿದುಳು ಚಿತ್ರವನ್ನು ಅಳಿಸಿಬಿಡುತ್ತದೆ. ಸಣ್ಣ ವಾಹನ ಆ ಸಂದಿಯಲ್ಲಿ ಸಿಕ್ಕಿಬಿದ್ದರೆ ಮುಗಿಯಿತು.

ಮೂರನೆಯದು ಕಾರಿನ ಮುಂಗಾಜಿನ ಎರಡೂ ಬದಿಯ ಕಂಬ. ತುಸು ದೂರದಲ್ಲಿರುವ ಬೈಕು, ಸವಾರನ ಸಮೇತ, ಅದರ ಹಿಂದೆ ಅಡಗಬಲ್ಲದು. ನಾಲ್ಕನೆಯದು ಅಂದಾಜಿನ ತಪ್ಪು. ಚಿಕ್ಕದಾಗಿ ಕಾಣುವುದು ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ.

ಇಷ್ಟೂ ಎಚ್ಚರವಾಗಿರುವ ಡ್ರೈವರನ ಕಥೆ. ಕೈಯಲ್ಲಿ ಫೋನಿದ್ದರಂತೂ ಕೇಳುವುದೇ ಬೇಡ. ಗಂಟೆಗೆ 55 ಮೈಲಿ ವೇಗದಲ್ಲಿ ಐದು ಸೆಕೆಂಡು ಫೋನು ನೋಡಿದರೆ ಕಾರು 400 ಅಡಿ ದಾಟಿರುತ್ತದೆ. ಕ್ರಿಕೆಟ್ ಲೆಕ್ಕದಲ್ಲಿ ಆರು ಪಿಚ್ ಉದ್ದ, ಕಣ್ಣು ಮುಚ್ಚಿಕೊಂಡು! ಫೋನು ಕೈಯಲ್ಲಿ ಹಿಡಿದು ಕಾರು ಓಡಿಸುವುದನ್ನು ಅಮೆರಿಕದಲ್ಲಿ ಮೊದಲು ನಿಷೇಧಿಸಿದ ರಾಜ್ಯ ನ್ಯೂಯಾರ್ಕ್, 2001ರಲ್ಲಿ. ಕಾನೂನು ಬಂದು ಇಷ್ಟು ವರ್ಷವಾದರೂ ಯಾವುದೇ ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನೋಡಿ, ಬಗ್ಗಿದ ತಲೆಗಳು ಎಷ್ಟೆಂದು ನೀವೇ ಎಣಿಸಬಹುದು.

ಆದ್ದರಿಂದ ಸವಾರರ ಮೊದಲ ಸೂತ್ರ: ನಾನು ಯಾರಿಗೂ ಕಾಣುತ್ತಿಲ್ಲ ಎಂದುಕೊಂಡೇ ಬೈಕು ಓಡಿಸಿ.

ಎಡ ತಿರುವು ಎಂಬ ಯಮಗಂಡ

ನಮ್ಮೂರಿನಲ್ಲಿ ಎಡಬದಿಯ ಸಂಚಾರ. ಎದುರಿನವನು ತನ್ನ ಬಲಕ್ಕೆ ತಿರುಗುವಾಗ ನಮ್ಮ ದಾರಿಗೆ ಅಡ್ಡ ಬರುತ್ತಾನೆ. ಇಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಎದುರಿನಿಂದ ಬಂದು ಎಡಕ್ಕೆ ತಿರುಗುವ ಕಾರೇ ಬೈಕಿನ ಮೊದಲ ಶತ್ರು. 14, 23, 34, 42 ಮತ್ತು 57ನೇ ಬೀದಿಗಳಂಥ ಎರಡೂ ದಿಕ್ಕಿನ ಅಗಲ ಬೀದಿಗಳಲ್ಲಿ, ಎಡಿಸನ್ನಿನ ಓಕ್ ಟ್ರೀ ರೋಡಿನಂಥ ಅಂಗಡಿ ಸಾಲುಗಳಲ್ಲಿ ಈ ಅಪಾಯ ಹೆಚ್ಚು.

ಡ್ರೈವರನ ಮುಖ ನೋಡಿ, ಕಣ್ಣಿಗೆ ಕಣ್ಣು ಸೇರಿತೆಂದು ನಂಬಬೇಡಿ. ಅವನು ನಿಮ್ಮ ಮೂಲಕ ಆಚೆಗೆ ನೋಡುತ್ತಿರಬಹುದು. ಕಾರಿನ ಮುಂದಿನ ಚಕ್ರ ನೋಡಿ, ಕಾರು ಹೊರಡುವ ಸುಳಿವು ಮೊದಲು ಸಿಗುವುದು ಅಲ್ಲೇ. ಕೂಡುರಸ್ತೆ ಹತ್ತಿರವಾದಂತೆ ವೇಗ ತಗ್ಗಿಸಿ, ಮುಂದಿನ ಬ್ರೇಕಿನ ಮೇಲೆ ಬೆರಳಿಟ್ಟಿರಿ. ಗಂಟೆಗೆ 30 ಮೈಲಿ ವೇಗದಲ್ಲಿ ಬೈಕು ಸೆಕೆಂಡಿಗೆ 44 ಅಡಿ ಓಡುತ್ತದೆ. ಅಪಾಯ ಕಂಡು ಬ್ರೇಕು ಹಿಡಿಯುವ ಹೊತ್ತಿಗೆ ಒಂದೂವರೆ ಸೆಕೆಂಡು ಹೋದರೆ ಒಂದು ಪಿಚ್ ಉದ್ದ ಕಳೆದಿರುತ್ತದೆ. ಬೆರಳು ಮೊದಲೇ ಬ್ರೇಕಿನ ಮೇಲಿದ್ದರೆ ಅದರಲ್ಲಿ ಕೆಲವು ಅಡಿ ಉಳಿಯುತ್ತದೆ. ಜೀವಕ್ಕೆ ಕೆಲವೊಮ್ಮೆ ಅಷ್ಟೇ ಸಾಕು.

ನೇರವಾಗಿ ಬರುವ ಬೈಕು ಹಿನ್ನೆಲೆಯಲ್ಲಿ ಕರಗಿ ಅಲುಗಾಡದ ಚುಕ್ಕೆಯಂತೆ ಕಾಣುತ್ತದೆ. ಲೇನಿನೊಳಗೇ ತುಸು ಎಡಕ್ಕೆ, ತುಸು ಬಲಕ್ಕೆ ಸರಿದರೆ ಆ ಚಲನೆ ಡ್ರೈವರನ ಕಣ್ಣನ್ನು ಸೆಳೆಯುತ್ತದೆ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಲಿ. ಕಪ್ಪು ಜಾಕೆಟ್ಟಿನ ಮೋಹ ಬಿಟ್ಟು ಎದ್ದು ಕಾಣುವ ಬಣ್ಣ ತೊಡಿ.

ಮ್ಯಾನ್‌ಹಟನ್ನಿನ ವಿಶೇಷಗಳು

ಇಲ್ಲಿನ ಅವೆನ್ಯೂಗಳಲ್ಲಿ ಹೆಚ್ಚಿನವು ಏಕಮುಖ. ಅಲ್ಲಿ ಎದುರಿನ ಕಾರಿನ ಭಯವಿಲ್ಲ, ಪಕ್ಕದ ಕಾರಿನ ಭಯ ಉಂಟು. ಫುಟ್‌ಪಾತಿನ ಅಂಚಿನಲ್ಲಿ ಯಾರಾದರೂ ಕೈ ಎತ್ತಿದರೆ, ಹಳದಿ ಟ್ಯಾಕ್ಸಿ ಮೂರು ಲೇನ್ ದಾಟಿ ಅತ್ತ ನುಗ್ಗಬಹುದು. ಆ ಎತ್ತಿದ ಕೈಯೇ ನಿಮಗೆ ಇಂಡಿಕೇಟರ್! ನಿಂತ ಕಾರುಗಳ ಸಾಲಿನ ಪಕ್ಕ ಹೋಗುವಾಗ ಬಾಗಿಲು ತೆರೆದರೂ ತಾಗದಷ್ಟು ಅಂತರವಿರಲಿ. ಅಡ್ಡಾದಿಡ್ಡಿ ನಿಂತ ಡೆಲಿವರಿ ಟ್ರಕ್ಕಿನ ಮರೆಯಿಂದ ಜನ ಹೊರಬರುತ್ತಾರೆಂದೇ ತಿಳಿಯಿರಿ. ರಸ್ತೆ ಅಗೆದು ಮುಚ್ಚಿದ ಕಬ್ಬಿಣದ ತಗಡು, ಮ್ಯಾನ್‌ಹೋಲ್ ಮುಚ್ಚಳ ಮಳೆಯಲ್ಲಿ ಪಾಚಿಗಟ್ಟಿದ ಕಲ್ಲಿನಷ್ಟೇ ಜಾರುತ್ತವೆ. ಅವುಗಳ ಮೇಲೆ ಬ್ರೇಕು ಒತ್ತಬೇಡಿ.

ಸಿಗ್ನಲ್ಲಿನಲ್ಲಿ ನಿಂತಾಗ ಮೊದಲ ಗೇರಿನಲ್ಲೇ ಇರಿ, ಮುಂದಿನ ಕಾರಿಗೂ ನಿಮಗೂ ನಡುವೆ ಪಕ್ಕಕ್ಕೆ ತಪ್ಪಿಸಿಕೊಳ್ಳುವಷ್ಟು ಜಾಗ ಬಿಡಿ. ಹಿಂದಿನ ಕಾರು ಪೂರ್ತಿ ನಿಲ್ಲುವ ತನಕ ಕನ್ನಡಿಯಿಂದ ಕಣ್ಣು ತೆಗೆಯಬೇಡಿ. ಹಸಿರು ಬಿದ್ದ ಕೂಡಲೇ ಹಾರಬೇಡಿ, ಎಡಬಲ ನೋಡಿ ಹೊರಡಿ. ಇನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಲಿತ ವಿದ್ಯೆ, ಅಂದರೆ ಕಾರುಗಳ ನಡುವೆ ನುಸುಳಿ ಮುಂದೆ ಹೋಗುವುದು, ನ್ಯೂಯಾರ್ಕಿನಲ್ಲಿ ಕಾನೂನುಬಾಹಿರ. ದಂಡ ಹಾಗಿರಲಿ, ಆ ಸಂದಿಯಲ್ಲಿ ಬೈಕು ಬರಬಹುದೆಂದು ಇಲ್ಲಿ ಯಾರೂ ಊಹಿಸಿರುವುದಿಲ್ಲ.

ಹಡ್ಸನ್ ದಾಟಿ ನ್ಯೂಜೆರ್ಸಿಗೆ ಬಂದರೆ ಆಟದ ನಿಯಮ ಬೇರೆ. ನ್ಯೂಯಾರ್ಕ್ ನಗರದಲ್ಲಿ ಫಲಕವಿಲ್ಲದಿದ್ದರೆ ಕೆಂಪು ದೀಪದಲ್ಲಿ ಬಲಕ್ಕೆ ತಿರುಗುವಂತಿಲ್ಲ. ನ್ಯೂಜೆರ್ಸಿಯಲ್ಲಿ ನಿಂತು ನೋಡಿ ತಿರುಗಬಹುದು. ಹಾಗೆ ತಿರುಗುವವನು ಎಡಕ್ಕೆ ಕಣ್ಣು ಹಾಯಿಸಿದಾಗ ನೀವು ಆ ಕಂಬದ ಮರೆಯಲ್ಲಿರಬಹುದು. ರೂಟ್ 1ರಂಥ ರಸ್ತೆಗಳಲ್ಲಿ ಎಡಕ್ಕೆ ಹೋಗಬೇಕಾದವರು ಜಗ್‌ಹ್ಯಾಂಡಲ್ ಹಿಡಿಯಲು ಬಲಕ್ಕೇ ಸರಿಯಬೇಕು. ಕೊನೆ ಗಳಿಗೆಯಲ್ಲಿ ನೆನಪಾದವನು ನಿಮ್ಮ ಮುಂದೆ ಅಡ್ಡ ಕತ್ತರಿಸಿಕೊಂಡು ಹೋಗುತ್ತಾನೆ.

ಹೊರಡುವ ಮೊದಲು

ನ್ಯೂಯಾರ್ಕ್, ನ್ಯೂಜೆರ್ಸಿ ಎರಡರಲ್ಲೂ ಸವಾರನಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಊರಿನಿಂದ ತಂದ ಅರ್ಧ ಟೋಪಿ ಸಾಲದು, ಡಿಒಟಿ ಗುರುತಿನ, ಮುಖವಿಡೀ ಮುಚ್ಚುವ ಹೆಲ್ಮೆಟ್ ಕೊಳ್ಳಿ. ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ನಿನ ಆರಂಭಿಕ ತರಬೇತಿ ಪಡೆಯಿರಿ. ನ್ಯೂಯಾರ್ಕ್ ರಾಜ್ಯದ ಯೋಜನೆಯಡಿ ಇದನ್ನು ಮುಗಿಸಿದವರಿಗೆ ರಸ್ತೆ ಪರೀಕ್ಷೆಯಿಂದ ವಿನಾಯಿತಿಯೂ ಉಂಟು. "ನನಗೆ ಬೈಕು ಬರುತ್ತೆ" ಎನ್ನುವವರಿಗೇ ಇದು ಹೆಚ್ಚು ಅಗತ್ಯ. ತುರ್ತು ಬ್ರೇಕು ಹಿಡಿಯುವುದನ್ನು ನಮ್ಮೂರಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಿಮೆಯನ್ನೂ ಮರೆಯಬೇಡಿ. ನ್ಯೂಯಾರ್ಕಿನಲ್ಲಿ ತಪ್ಪು ಯಾರದ್ದೆಂದು ನೋಡದೆ ಕಾರಿನವರ ಆಸ್ಪತ್ರೆ ಖರ್ಚು ಕೊಡುವ ನೋ-ಫಾಲ್ಟ್ ಸೌಲಭ್ಯ ಮೋಟಾರ್‌ಸೈಕಲ್ ಸವಾರರಿಗೆ ಇಲ್ಲ. ನಿಮ್ಮ ಆರೋಗ್ಯ ವಿಮೆ ಎಷ್ಟು ಭರಿಸುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಬಂಧುಬಳಗವೆಲ್ಲ ಏಳು ಸಮುದ್ರದಾಚೆ ಇರುವ ನಮ್ಮಂಥವರ ಸಂಸಾರಕ್ಕೆ ಇದು ಸಣ್ಣ ವಿಷಯವಲ್ಲ.

ಮಿನಿವ್ಯಾನಿನಲ್ಲಿರುವ ಬಂಧುಗಳೇ...

"ನಾವು ಬೈಕು ಓಡಿಸುವುದಿಲ್ಲ, ನಮಗ್ಯಾಕೆ ಇದೆಲ್ಲ" ಅನ್ನುತ್ತೀರಾ? ನಿಜ ಹೇಳಬೇಕೆಂದರೆ ಈ ಲೇಖನ ನಿಮಗೇ ಹೆಚ್ಚು ಬೇಕು. ನಮ್ಮಲ್ಲಿ ಬಹುಪಾಲು ಜನ ಈಗ ಕಾರಿನವರು. ಮಗುವನ್ನು ಭರತನಾಟ್ಯ ತರಗತಿಗೆ ಬಿಡುವ ಅವಸರದಲ್ಲಿ ಎಡಕ್ಕೆ ತಿರುಗುವವರು ನಾವೇ.

ಬೈಕು ಓಡಿಸಿ ಗೊತ್ತಿರುವ ಕಾರು ಚಾಲಕರು ಬೈಕಿಗೆ ಡಿಕ್ಕಿ ಹೊಡೆಯುವುದು ಕಡಿಮೆ ಎಂದು ಅಧ್ಯಯನಗಳು ಹೇಳಿವೆ. ಅವರ ಮಿದುಳಿನ ಪಟ್ಟಿಯಲ್ಲಿ ಬೈಕಿಗೆ ಜಾಗ ಉಂಟು, ಅಷ್ಟೇ. ಊರಿನಲ್ಲಿ ಸ್ಕೂಟರ್, ಲೂನಾ, ಬೈಕು ಓಡಿಸಿ ಬೆಳೆದ ನಮ್ಮ ಕಣ್ಣಿಗೂ ಅದೇ ಅಭ್ಯಾಸವಿತ್ತು. ಅದನ್ನು ಮತ್ತೆ ಎಬ್ಬಿಸೋಣ. ತಿರುಗುವ ಮೊದಲು ಒಮ್ಮೆಯಲ್ಲ, ಎರಡು ಸಲ ನೋಡಿ. ಎರಡನೇ ಸಲ ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಕಂಬದ ಆಚೆ ಏನಿದೆಯೆಂದು ನೋಡಿ. ಲೇನ್ ಬದಲಿಸುವಾಗ ಕನ್ನಡಿಯನ್ನಷ್ಟೇ ನಂಬದೆ ಭುಜದ ಮೇಲಿಂದ ಹಿಂದೆ ಕಣ್ಣು ಹಾಯಿಸಿ. ಬಾಗಿಲನ್ನು ದೂರದ ಕೈಯಿಂದ ತೆರೆಯಿರಿ, ಮೈ ತಾನಾಗಿ ತಿರುಗಿ ಹಿಂದಿನ ರಸ್ತೆ ಕಾಣುತ್ತದೆ. ಫೋನು ಹಿಂದಿನ ಸೀಟಿನಲ್ಲಿರಲಿ.

ಹದಿನೇಳಕ್ಕೆ ಕಾಲಿಟ್ಟು ಕಾರಿನ ಲೈಸೆನ್ಸಿಗೆ ತಯಾರಾಗುತ್ತಿರುವ ನಮ್ಮ ಮಕ್ಕಳಿಗೆ ಈ ಬೈಕಿನ ಕಣ್ಣು ಹುಟ್ಟಿನಿಂದ ಬಂದಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಡ್ರೈವಿಂಗ್ ಕಲಿಸುವಾಗ ಪ್ರತಿ ಸಿಗ್ನಲ್ಲಿನಲ್ಲೂ ಕೇಳಿ: "ಬೈಕು ಎಲ್ಲಿದೆ, ನೋಡಿದೆಯಾ?" ಹತ್ತು ಸಲ ಕೇಳಿಸಿಕೊಂಡು ಬೇಸರಪಟ್ಟ ಮಗು ಹನ್ನೊಂದನೇ ಸಲ ತಾನೇ ಹುಡುಕುತ್ತದೆ. ಆ ಬೈಕಿನ ಮೇಲೆ ಇರುವವರು ಯಾರ ಮನೆಯ ಮಗನೋ, ಮಗಳೋ.

ಎಲ್ಲರಿಗೂ ಸುಖ ಪ್ರಯಾಣ!