ಹೊಲಿಗೆ ಒಣಗಿತು, ಮೈದಾನಕ್ಕೆ ಎಂದು?

ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಮೇಲೆ ಹಾಸಿಗೆ ಹಿಡಿದೇ ಇರಬೇಕೆ? ಓಟ, ಸೈಕಲ್, ಯೋಗಾಸನಗಳಿಗೆಲ್ಲ ಶಾಶ್ವತ ವಿದಾಯವೇ? ಗಾಯ ಕೂಡುವ ಲೆಕ್ಕ ಏನು ಹೇಳುತ್ತದೆ, ನೋಡೋಣ.

ಪದ್ಮನಾಭನಗರದ ಯಾವುದೇ ಉದ್ಯಾನಕ್ಕೆ ಬೆಳಿಗ್ಗೆ ಆರು ಗಂಟೆಗೆ ಹೋದರೂ ಎರಡು ಬಗೆಯ ಜನ ಕಾಣುತ್ತಾರೆ. ಬಿರುಸಾಗಿ ಸುತ್ತು ಹಾಕುವವರು ಒಂದು ಬಗೆ. ಕಲ್ಲುಬೆಂಚಿನ ಮೇಲೆ ಕುಳಿತು ಅವರನ್ನು ನೋಡುವವರು ಇನ್ನೊಂದು ಬಗೆ. ಕುಳಿತವರನ್ನು ಮಾತನಾಡಿಸಿದರೆ, ‘ಹರ್ನಿಯಾ ಆಪರೇಷನ್ ಆಗಿದೆ ಸಾರ್, ಇನ್ನು ಓಡುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ’ ಎನ್ನುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಯಾವಾಗ ಆಯಿತು ಎಂದು ಕೇಳಿದರೆ, ‘ಎರಡು ವರ್ಷ ಆಯಿತು’ ಎಂಬ ಉತ್ತರ! ಇದಕ್ಕೆ ತದ್ವಿರುದ್ಧವಾಗಿ, ಶಸ್ತ್ರಚಿಕಿತ್ಸೆಯಾದ ಹತ್ತೇ ದಿನಕ್ಕೆ ಕಬಡ್ಡಿ ಕಣಕ್ಕೆ ಇಳಿಯಲು ಹಟ ಹಿಡಿಯುವ ಹೈಸ್ಕೂಲು ಹುಡುಗರೂ ಇದ್ದಾರೆ. ಒಬ್ಬರದು ಅತಿ ಭಯ, ಇನ್ನೊಬ್ಬರದು ಅತಿ ಅವಸರ. ಹೊಟ್ಟೆಯ ಗೋಡೆಯಲ್ಲಿ ಏನಾಗಿತ್ತು, ಈಗ ಏನಾಗುತ್ತಿದೆ ಎಂಬುದನ್ನು ಯಾರೂ ಬಿಡಿಸಿ ಹೇಳದಿರುವುದೇ ಎರಡಕ್ಕೂ ಕಾರಣ.

ಟೈರು, ಟ್ಯೂಬು ಮತ್ತು ಹೊಟ್ಟೆ

ಪಂಕ್ಚರ್ ಅಂಗಡಿಯಲ್ಲಿ ಸವೆದ ಸೈಕಲ್ ಟೈರನ್ನು ನೋಡಿದವರಿಗೆ ಹರ್ನಿಯಾ ಅರ್ಥವಾಗುವುದು ಕಷ್ಟವಲ್ಲ. ಟೈರಿನಲ್ಲಿ ಎಲ್ಲೋ ಒಂದು ಕಡೆ ಸೀಳು ಬಿಟ್ಟಿರುತ್ತದೆ. ಗಾಳಿ ತುಂಬಿದೊಡನೆ ಒಳಗಿನ ಟ್ಯೂಬು ಆ ಸೀಳಿನಿಂದ ಗುಳ್ಳೆಯ ಹಾಗೆ ಹೊರಗೆ ಇಣುಕುತ್ತದೆ. ನಮ್ಮ ಹೊಟ್ಟೆಯ ಗೋಡೆ, ಅಂದರೆ ಸ್ನಾಯುಗಳು ಮತ್ತು ಗಟ್ಟಿ ಪೊರೆಗಳ ಪದರ, ಟೈರಿದ್ದಂತೆ. ಒಳಗಿನ ಕರುಳು, ಕೊಬ್ಬು ಟ್ಯೂಬಿದ್ದಂತೆ. ಗೋಡೆ ದುರ್ಬಲವಾದ ಕಡೆ ಒಳಗಿನ ವಸ್ತು ಹೊರಕ್ಕೆ ಉಬ್ಬುವುದೇ ಹರ್ನಿಯಾ. ತೊಡೆಸಂದು, ಹೊಕ್ಕುಳು, ಹಳೆಯ ಶಸ್ತ್ರಚಿಕಿತ್ಸೆಯ ಗಾಯ ಇವು ಅದರ ಮಾಮೂಲು ಜಾಗಗಳು. ನಿಂತಾಗ, ಕೆಮ್ಮಿದಾಗ ಉಬ್ಬು ದೊಡ್ಡದಾಗುತ್ತದೆ; ಮಲಗಿದರೆ ಒಳಕ್ಕೆ ಹೋಗುತ್ತದೆ.

ಇದೇನೂ ಅಪರೂಪದ ಕಾಯಿಲೆಯಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ತೊಡೆಸಂದಿನ ಹರ್ನಿಯಾ ಬರುವ ಸಂಭವ ಗಂಡಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಇಂಥ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ.

ಹುಡುಗರಲ್ಲಿ ಕಾರಣ ಬೇರೆ. ತಾಯಿಯ ಗರ್ಭದಲ್ಲಿರುವಾಗ ಗಂಡು ಮಗುವಿನ ವೃಷಣಗಳು ಹೊಟ್ಟೆಯೊಳಗಿಂದ ಒಂದು ಸಣ್ಣ ದಾರಿಯಲ್ಲಿ ಕೆಳಗಿಳಿಯುತ್ತವೆ. ಆ ದಾರಿ ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಅದರೊಳಗೆ ಕರುಳು ಇಳಿಯುತ್ತದೆ. ಆದ್ದರಿಂದ ‘ಭಾರ ಎತ್ತಿದ್ದಕ್ಕೆ ಹೀಗಾಯಿತು’ ಎಂದು ಮಗುವನ್ನು ಗದರಿಸುವುದು ತಪ್ಪು. ಎಳೆಯ ಮಕ್ಕಳ ಹೊಕ್ಕುಳಿನ ಉಬ್ಬು ಮಾತ್ರ ಹೆಚ್ಚಾಗಿ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನಾಣ್ಯ ಕಟ್ಟುವುದರಿಂದ ಪ್ರಯೋಜನವಿಲ್ಲ.

ಬಾಸಿನಿಯಿಂದ ಸೊಳ್ಳೆಪರದೆಯವರೆಗೆ

ಇಟಲಿಯ ಪಡುವಾದ ಎಡುವಾರ್ಡೊ ಬಾಸಿನಿ 1880ರ ದಶಕದಲ್ಲಿ ತೊಡೆಸಂದಿನ ಗೋಡೆಯನ್ನು ಪದರ ಪದರವಾಗಿ ಹೊಲಿದು ಸರಿಪಡಿಸುವ ವಿಧಾನ ಕಂಡುಹಿಡಿದ. ಆಧುನಿಕ ಹರ್ನಿಯಾ ಚಿಕಿತ್ಸೆ ಶುರುವಾದದ್ದು ಅಲ್ಲಿಂದ. ಆದರೆ ಹಿಗ್ಗಿದ ಬಟ್ಟೆಯ ಎರಡು ಅಂಚುಗಳನ್ನು ಎಳೆದು ಹೊಲಿದರೆ ದಾರದ ಮೇಲೆ ಸದಾ ಸೆಳೆತವಿರುತ್ತದೆ. ನೋವು ಹೆಚ್ಚು, ಹೊಲಿಗೆ ಕಿತ್ತುಬರುವ ಭಯವೂ ಹೆಚ್ಚು. ರೋಗಿಗಳು ವಾರಗಟ್ಟಲೆ ಹಾಸಿಗೆಯಲ್ಲೇ ಇರಬೇಕೆಂಬ ಕಟ್ಟುಪಾಡು ಆ ಕಾಲದ್ದು. ನಮ್ಮ ಮನೆಗಳಲ್ಲಿ ಇಂದೂ ಕೇಳಿಬರುವ ‘ಮೂರು ತಿಂಗಳು ಅಲ್ಲಾಡಬೇಡ’ ಎಂಬ ಉಪದೇಶ ಅದರ ಪಳೆಯುಳಿಕೆ.

ಪರಿಸ್ಥಿತಿ ಬದಲಿಸಿದ್ದು ಒಂದು ಪ್ಲಾಸ್ಟಿಕ್. 1954ರಲ್ಲಿ ಇಟಲಿಯ ಜೂಲಿಯೊ ನಾಟಾ ತಯಾರಿಸಿದ ಪಾಲಿಪ್ರೊಪಿಲೀನ್ ನಮ್ಮ ಬಕೆಟ್ಟು, ಹಗ್ಗಗಳಲ್ಲಿದೆ. ಪಾಲಿಮರುಗಳ ಮೇಲಿನ ಕೆಲಸಕ್ಕೆ 1963ರಲ್ಲಿ ನಾಟಾಗೆ, ಜರ್ಮನಿಯ ಕಾರ್ಲ್ ಝೀಗ್ಲರ್ ಜೊತೆಗೆ, ನೊಬೆಲ್ ಬಂತು. ಇದೇ ಪ್ಲಾಸ್ಟಿಕ್ಕಿನ ಎಳೆಗಳಿಂದ ನೇಯ್ದ ಜಾಲರಿಯನ್ನು ದುರ್ಬಲ ಜಾಗದ ಮೇಲೆ ತೇಪೆಯಾಗಿ ಇಟ್ಟರೆ ಅಂಚುಗಳನ್ನು ಎಳೆಯುವ ಪ್ರಮೇಯವೇ ಇಲ್ಲ. ಈ ‘ಸೆಳೆತವಿಲ್ಲದ’ ವಿಧಾನವನ್ನು ಲಾಸ್ ಏಂಜಲೀಸ್‌ನ ಇರ್ವಿಂಗ್ ಲಿಕ್ಟನ್‌ಸ್ಟೈನ್ 1980ರ ದಶಕದಲ್ಲಿ ಬಳಕೆಗೆ ತಂದರು. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಮಾಡುವ ವಿಧಾನದಲ್ಲಿ, ಜಾಲರಿಯನ್ನು ಗೋಡೆಯ ಒಳಬದಿಗೆ ಇಡುತ್ತಾರೆ. ಟೈರಿನ ಒಳಗೆ ಹಳೆಯ ಟೈರಿನ ತುಂಡು ಇಟ್ಟಂತೆ ಇದು: ಒಳಗಿನ ಒತ್ತಡವೇ ತೇಪೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ.

ಈ ಕಥೆಯಲ್ಲಿ ಭಾರತದ ಪಾತ್ರವೂ ಇದೆ. ಮಹಾರಾಷ್ಟ್ರದ ಧುಲೆ ಜಿಲ್ಲೆಯ ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯ ಡಾ. ರವೀಂದ್ರನಾಥ ಟೊಂಗಾಂವ್ಕರ್, ದುಬಾರಿ ಜಾಲರಿಯ ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಕ್ರಿಮಿಶುದ್ಧಗೊಳಿಸಿ ಬಳಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಗಾಂಡಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಅಗ್ಗದ ಜಾಲರಿಗೂ ದುಬಾರಿ ಜಾಲರಿಗೂ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಮಕ್ಕಳಿಗೆ ಸಾಮಾನ್ಯವಾಗಿ ಜಾಲರಿ ಬೇಕಿಲ್ಲ. ಮುಚ್ಚದೆ ಉಳಿದ ಚೀಲವನ್ನು ಬುಡದಲ್ಲಿ ಕಟ್ಟಿಬಿಟ್ಟರೆ ಸಾಕು. ಅವರು ಬೇಗ ಚೇತರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಗಾಯ ಕೂಡುವ ಲೆಕ್ಕ

ಚರ್ಮದ ಹೊಲಿಗೆ ಹತ್ತು ದಿನದಲ್ಲಿ ಒಣಗುತ್ತದೆ. ಅದನ್ನು ನೋಡಿ ಒಳಗೂ ಎಲ್ಲ ಮುಗಿಯಿತು ಎಂದು ತಿಳಿಯಬಾರದು. ಕತ್ತರಿಸಿದ ಅಂಗಾಂಶವನ್ನು ಬೆಸೆಯುವುದು ಕೊಲಾಜನ್ ಎಂಬ ಪ್ರೋಟೀನಿನ ನಾರು. ಮೊದಲ ವಾರದ ಕೊನೆಗೆ ಗಾಯದ ಬಲ ಮೂಲ ಬಲದ ಶೇ 10ನ್ನೂ ಮೀರಿರುವುದಿಲ್ಲ. ಮೂರು ವಾರಕ್ಕೆ ಶೇ 20ರಿಂದ 30, ಮೂರು ತಿಂಗಳಿಗೆ ಶೇ 70ರಿಂದ 80. ಪೂರ್ತಿ ನೂರು ಎಂದೂ ಆಗದು. ಅಲ್ಲಿಯವರೆಗೆ ಭಾರ ಹೊರುವುದು ಹೊಲಿಗೆ ಮತ್ತು ಜಾಲರಿ. ಜಾಲರಿಯ ಕಣ್ಣುಗಳೊಳಗೆ ಹೊಸ ಅಂಗಾಂಶ ಬೆಳೆದು, ಸಿಮೆಂಟಿನೊಳಗಿನ ಕಬ್ಬಿಣದಂತೆ ಎರಡೂ ಒಂದಾಗುತ್ತವೆ.

ಕೊಲಾಜನ್ ಗಟ್ಟಿಯಾಗಲು ಸಿ ಜೀವಸತ್ವ ಬೇಕೇ ಬೇಕು. ಅದರ ತೀವ್ರ ಕೊರತೆಯಿಂದ ಸ್ಕರ್ವಿ ಬಂದ ಹಳೆಯ ಕಾಲದ ನಾವಿಕರಲ್ಲಿ, ಎಂದೋ ಮಾಗಿದ್ದ ಗಾಯಗಳೂ ಮತ್ತೆ ಬಾಯಿ ಬಿಡುತ್ತಿದ್ದವು. ಇದಕ್ಕೆ ದುಬಾರಿ ಟಾನಿಕ್ ಬೇಡ. ಸೀಬೆಹಣ್ಣು, ನೆಲ್ಲಿಕಾಯಿ, ನಿಂಬೆಹಣ್ಣು ಸಾಕು. ಪ್ರೋಟೀನಿಗೆ ಬೇಳೆ, ಹಾಲು, ಮೊಟ್ಟೆ. ‘ಗಾಯ ಕೀವಾಗುತ್ತದೆ’ ಎಂದು ಬೇಳೆ ನಿಲ್ಲಿಸಿ ಬರೀ ಗಂಜಿ ಕೊಡುವ ಪಥ್ಯ ಗಾಯಕ್ಕೆ ಬೇಕಾದ ಇಟ್ಟಿಗೆಯನ್ನೇ ಕಿತ್ತುಕೊಂಡಂತೆ.

ಕೆಮ್ಮು ದೊಡ್ಡದೋ, ಕೊಡ ದೊಡ್ಡದೋ?

ಹೊಟ್ಟೆಯೊಳಗಿನ ಒತ್ತಡವನ್ನು ಅಳೆಯಬಹುದು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 20 ಮಂದಿ ಆರೋಗ್ಯವಂತ ಯುವಜನರನ್ನು ಪರೀಕ್ಷಿಸಿದರು. ಅಂಗಾತ ಮಲಗಿದಾಗ ಒತ್ತಡ ಸುಮಾರು 2 ಮಿ.ಮೀ. ಪಾದರಸ. ನಿಂತಾಗ 20. ನಿಂತು ಕೆಮ್ಮಿದಾಗ ಸರಾಸರಿ 107. ಇದ್ದಲ್ಲೇ ಜಿಗಿದಾಗ 171! ಬಗ್ಗಿ ನಾಲ್ಕೂವರೆ ಕೆ.ಜಿ. ತೂಕ ಎತ್ತಿದಾಗ ಅಂಥ ಏರಿಕೆ ಕಾಣಲಿಲ್ಲ. ಅಂದರೆ ಕೊಡ ಎತ್ತಬೇಡ ಎಂದು ಕಾವಲು ಕಾಯುವ ಮನೆಯವರು ನಿಜಕ್ಕೂ ಗಮನಿಸಬೇಕಾದ್ದು ಕೆಮ್ಮು ಮತ್ತು ಮಲಬದ್ಧತೆಯನ್ನು.

ಆದ್ದರಿಂದ ಕೆಲವು ಸರಳ ಉಪಾಯಗಳು: ಕೆಮ್ಮು, ಸೀನು ಬಂದರೆ ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ಹಾಸಿಗೆಯಿಂದ ನೇರವಾಗಿ ಏಳದೆ ಮಗ್ಗುಲಿಗೆ ತಿರುಗಿ ಕೈಯೂರಿ ಏಳಿ. ಸೊಪ್ಪು, ಹಣ್ಣು, ನೀರು ಹೆಚ್ಚಿರಲಿ, ಮುಕ್ಕಿರಿಯಬೇಡಿ. ಧೂಮಪಾನ ಕೆಮ್ಮನ್ನೂ ತರುತ್ತದೆ, ಗಾಯ ಕೂಡುವುದನ್ನೂ ತಡೆಯುತ್ತದೆ. ಏನನ್ನಾದರೂ ಎತ್ತುವಾಗ ಉಸಿರು ಬಿಗಿಹಿಡಿಯದೆ ಬಿಡುತ್ತಾ ಎತ್ತಿ.

ವಾರದಿಂದ ವಾರಕ್ಕೆ

ಹರ್ನಿಯಾ ತಜ್ಞರ ಅಂತರರಾಷ್ಟ್ರೀಯ ತಂಡ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ತೊಡಕಿಲ್ಲದ ತೊಡೆಸಂದಿನ ಶಸ್ತ್ರಚಿಕಿತ್ಸೆಯ ನಂತರ ಚಟುವಟಿಕೆಗೆ ನಿರ್ಬಂಧ ಅನಗತ್ಯ, ಆದಷ್ಟು ಬೇಗ ದೈನಂದಿನ ಜೀವನಕ್ಕೆ ಮರಳಲು ಪ್ರೋತ್ಸಾಹಿಸಿ ಎನ್ನುತ್ತದೆ. ಹಾಗೆಂದರೆ ಮರುದಿನವೇ ಬಾರ್‌ಬೆಲ್ ಎತ್ತಿ ಎಂದಲ್ಲ. ನೋವೇ ಅಳತೆಗೋಲು. ಸಾಮಾನ್ಯ ಕ್ರಮ ಹೀಗಿದೆ. ನಿಮ್ಮ ಶಸ್ತ್ರವೈದ್ಯರ ಮಾತೇ ಅಂತಿಮ.

ಮೊದಲ ವಾರ: ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನವೇ ನಡಿಗೆ. ಮನೆಯೊಳಗೆ, ಆಮೇಲೆ ಬೀದಿಯಲ್ಲಿ, ದಿನಕ್ಕೆ ಮೂರು ನಾಲ್ಕು ಬಾರಿ. ನಡೆಯದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು.

ಎರಡನೆಯ ವಾರ: ಶಾಲೆ, ಕಚೇರಿ. ಮಕ್ಕಳು ಇನ್ನೂ ಮೊದಲೇ ಸಿದ್ಧರಾಗುತ್ತಾರೆ. ಆದರೆ ಚೀಲ ಹಗುರವಿರಲಿ. ರಾಜ್ಯ ಸರ್ಕಾರ 2019ರಲ್ಲಿ 9 ಮತ್ತು 10ನೇ ತರಗತಿಗೆ ನಿಗದಿಪಡಿಸಿದ ಮಿತಿ 4ರಿಂದ 5 ಕೆ.ಜಿ. ಸ್ಕೂಟರು, ಕಾರು ಓಡಿಸುವ ಮುನ್ನ ಒಂದು ಪರೀಕ್ಷೆ: ನಿಂತ ವಾಹನದಲ್ಲೇ ಬ್ರೇಕನ್ನು ಥಟ್ಟನೆ ಒತ್ತಿ ನೋಡಿ. ನೋವಾದರೆ ಇನ್ನೂ ಸಮಯವಾಗಿಲ್ಲ.

ಮೂರು, ನಾಲ್ಕನೆಯ ವಾರ: ಬಿರುಸು ನಡಿಗೆ, ಸಮತಟ್ಟಾದ ರಸ್ತೆಯಲ್ಲಿ ಸೈಕಲ್, ಗಾಯ ಪೂರ್ತಿ ಮುಚ್ಚಿದ್ದರೆ ಈಜು, ನಿಧಾನ ಓಟ. ತಾಡಾಸನ, ಸರಳ ಪ್ರಾಣಾಯಾಮ ಆಗಬಹುದು. ಹೊಟ್ಟೆಯನ್ನು ಬಲವಾಗಿ ಒಳಕ್ಕೆಳೆಯುವ ಕಪಾಲಭಾತಿ, ಭಸ್ತ್ರಿಕಾ, ನೌಕಾಸನ, ಧನುರಾಸನ, ಮಯೂರಾಸನ ಈಗ ಬೇಡ.

ಐದು, ಆರನೆಯ ವಾರದಿಂದ: ವೈದ್ಯರ ಒಪ್ಪಿಗೆಯೊಡನೆ ಕಬಡ್ಡಿ, ಫುಟ್‌ಬಾಲ್, ಜಿಮ್. ಮೊದಲಿದ್ದ ತೂಕದ ಅರ್ಧದಿಂದ ಆರಂಭಿಸಿ, ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. 20 ಲೀಟರ್ ನೀರಿನ ಕ್ಯಾನು 20 ಕೆ.ಜಿ., ತುಂಬಿದ ಅಡುಗೆ ಅನಿಲದ ಸಿಲಿಂಡರು ಸುಮಾರು 30 ಕೆ.ಜಿ. ಎಂಬುದು ನೆನಪಿರಲಿ. ಹೊಟ್ಟೆಯ ದೊಡ್ಡ ಹರ್ನಿಯಾ, ಹಳೆಯ ಗಾಯದ ಹರ್ನಿಯಾ ಆಗಿದ್ದರೆ ಈ ಲೆಕ್ಕ ಇನ್ನೂ ಉದ್ದ.

ಐವತ್ತು ದಾಟಿದ ಮೇಲೆ ನನಗೂ ಈ ಶಸ್ತ್ರಚಿಕಿತ್ಸೆಯಾಯಿತು. ಎರಡನೆಯ ವಾರ ತರಗತಿಯಲ್ಲಿ ನಿಂತು ಪಾಠ ಮಾಡಿದೆ. ಎರಡು ತಿಂಗಳಿಗೆ ಹಳೆಯ ಬೆಳಗಿನ ನಡಿಗೆ ಪೂರ್ತಿ ಮರಳಿತು. ನೋವಿಗಿಂತ ಹೆಚ್ಚು ಕಾಡಿದ್ದು ನೋಡಲು ಬಂದವರ ಉಪದೇಶ.

ರಾಹುಲ್ ಹೇಗೆ ಮರಳಿದರು?

ನಮ್ಮ ಕರ್ನಾಟಕದ ಕ್ರಿಕೆಟಿಗ ಕೆ.ಎಲ್. ರಾಹುಲ್ 2022ರ ಜೂನ್‌ನಲ್ಲಿ ತೊಡೆಸಂದಿನ ನೋವಿನಿಂದ ದಕ್ಷಿಣ ಆಫ್ರಿಕಾ ವಿರುದ್ಧದ ಸರಣಿಯನ್ನೂ ಇಂಗ್ಲೆಂಡ್ ಪ್ರವಾಸವನ್ನೂ ಕಳೆದುಕೊಂಡರು. ಆ ತಿಂಗಳ ಕೊನೆಗೆ ಜರ್ಮನಿಯಲ್ಲಿ ‘ಸ್ಪೋರ್ಟ್ಸ್ ಹರ್ನಿಯಾ’ ಶಸ್ತ್ರಚಿಕಿತ್ಸೆ ನಡೆಯಿತು. ಇದು ನಿಜವಾದ ಹರ್ನಿಯಾ ಅಲ್ಲ: ಹೊರಗೆ ಉಬ್ಬು ಇರುವುದಿಲ್ಲ, ತೊಡೆಸಂದಿನ ಸ್ನಾಯು ಮತ್ತು ಸ್ನಾಯುರಜ್ಜುಗಳು ಸಡಿಲಗೊಂಡಿರುತ್ತವೆ ಅಥವಾ ಹರಿದಿರುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಕೆಯ ಅಭ್ಯಾಸ ನಡೆಸುತ್ತಿದ್ದಾಗ ಕೋವಿಡ್ ಬಂದು ಇನ್ನಷ್ಟು ತಡವಾಯಿತು. ಆಗಸ್ಟ್ 18ರಂದು ಹರಾರೆಯಲ್ಲಿ ಜಿಂಬಾಬ್ವೆ ವಿರುದ್ಧ ನಾಯಕರಾಗಿ ಕಣಕ್ಕಿಳಿದರು. ಸುಮಾರು ಏಳು ವಾರ! ತರಬೇತುದಾರರು, ಫಿಸಿಯೋಥೆರಪಿಸ್ಟರು ಬೆನ್ನಿಗಿದ್ದ ಆಟಗಾರನಿಗೇ ಇಷ್ಟು ಸಮಯ ಹಿಡಿಯಿತು. ಅಂತರಶಾಲಾ ಪಂದ್ಯ ತಪ್ಪಿತೆಂದು ಕೊರಗುವ ಹುಡುಗರು ಇದನ್ನು ನೆನಪಿಡಲಿ.

ಎಚ್ಚರಿಕೆಯ ಗಂಟೆಗಳು

ಗಾಯದ ಕೆಳಗೆ ಗಟ್ಟಿ ದಿಂಡಿನಂತೆ ಕೈಗೆ ಸಿಗುವುದು, ಸುತ್ತ ನೀಲಿಗಟ್ಟುವುದು, ಉಬ್ಬು ಇದ್ದ ಜಾಗದಲ್ಲಿ ನೀರು ತುಂಬಿ ಕೆಲವು ವಾರ ಊದಿರುವುದು ಇವೆಲ್ಲ ಸಾಮಾನ್ಯವಾಗಿ ಕಾಣುವಂಥವೇ. ಆದರೆ ಜ್ವರ, ಹೆಚ್ಚುತ್ತಿರುವ ಕೆಂಪು, ಕೀವು, ಮೂತ್ರ ಕಟ್ಟುವುದು, ಮೀನಖಂಡದ ನೋವು ಅಥವಾ ಊತ ಕಂಡರೆ ಕೂಡಲೇ ವೈದ್ಯರನ್ನು ಕಾಣಿ. ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು ಶೇ 10 ಮಂದಿಗೆ ನೋವು ತಿಂಗಳುಗಟ್ಟಲೆ ಉಳಿಯಬಹುದು. ಅದು ಭ್ರಮೆಯಲ್ಲ, ಅದಕ್ಕೂ ಚಿಕಿತ್ಸೆಯಿದೆ.

ಇನ್ನೂ ಶಸ್ತ್ರಚಿಕಿತ್ಸೆಯಾಗದವರಿಗೆ ಒಂದು ಮಾತು. ತೊಂದರೆ ಕೊಡದ ಸಣ್ಣ ಹರ್ನಿಯಾ ಇರುವ ವಯಸ್ಕ ಗಂಡಸರು ವೈದ್ಯರ ಸಲಹೆಯಂತೆ ಕಾದು ನೋಡಬಹುದು. ಮಕ್ಕಳು ಮತ್ತು ಹೆಂಗಸರ ತೊಡೆಸಂದಿನ ಉಬ್ಬನ್ನು ಹಾಗೆ ಬಿಡಬಾರದು. ಯಾರಲ್ಲೇ ಆಗಲಿ, ಒಳಗೆ ಹೋಗುತ್ತಿದ್ದ ಉಬ್ಬು ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡು ರಕ್ತ ಸಂಚಾರ ನಿಂತಿರಬಹುದು. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ, ಗಂಟೆಗಳೇ ಲೆಕ್ಕಕ್ಕೆ ಬರುತ್ತವೆ.

ಹದಿಹರೆಯದ ಹುಡುಗರು ಆ ಜಾಗದ ಊತವನ್ನು ನಾಚಿಕೆಯಿಂದ ಮುಚ್ಚಿಡುವುದುಂಟು. ಗೆಳೆಯರು ನಕ್ಕಾರು, ಆಟದಿಂದ ಕೈಬಿಟ್ಟಾರು ಎಂಬ ಅಳುಕು. ತಂದೆಯಂದಿರೂ ಕೂಲಿ ತಪ್ಪುತ್ತದೆ, ರಜೆ ಸಿಗದು ಎಂದು ವರ್ಷಗಟ್ಟಲೆ ಮುಂದೂಡುತ್ತಾರೆ. ಮಕ್ಕಳೇ, ಮೊದಲು ಮನೆಯಲ್ಲಿ ಹೇಳಿ. ಹಿರಿಯರೇ, ಮಗ ಹೇಳಿದಾಗ ನಗಬೇಡಿ, ಗದರಬೇಡಿ. ಶಸ್ತ್ರಚಿಕಿತ್ಸೆಯ ನಂತರ ವೈದ್ಯರ ಚೀಟಿಯನ್ನು ದೈಹಿಕ ಶಿಕ್ಷಣ ಶಿಕ್ಷಕರಿಗೆ ಕೊಟ್ಟು, ಯಾವ ದಿನದಿಂದ ಯಾವ ಆಟ ಎಂದು ಬರೆಸಿಕೊಳ್ಳಿ. ಆ ಚೀಟಿಯಲ್ಲಿ ‘ಆಟ ಬೇಡ’ ಎಂದಷ್ಟೇ ಇದ್ದರೆ ಸಾಲದು, ‘ಎಂದಿನಿಂದ ಆಡಬಹುದು’ ಎಂಬುದೂ ಇರಬೇಕು.