ಮೀನಿನ ಟ್ಯಾಂಕಿನ ಸ್ಟ್ಯಾಂಡ್ ಉಬ್ಬೂದು ಯಾಕ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮಂದಿ, ನಿಮ್ಮ ಮೀನಿನ ಟ್ಯಾಂಕಿನ ಕಟ್ಟಿಗಿ ಸ್ಟ್ಯಾಂಡ್ ಒಮ್ಮೆ ಬಗ್ಗಿ ನೋಡ್ರಿ. ಪ್ಲೈವುಡ್ ಅಂಚಿನಾಗ ಪದರು ಬಿಚ್ಚ್ಯಾವೇನು? ಮ್ಯಾಲಿನ ಮೈಗಿಂತ ಕೊಯ್ದ ಅಂಚೇ ಹೆಚ್ಚು ನೀರು ಹೀರತೈತಿ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತುಂಬಿದ್ರ ಬರೀ ನೀರೇ ಸುಮಾರು 56 ಕಿಲೋ. ಮೆತ್ತಗಾದ ಹಲಗಿ ಅದನ್ನ ತಡಿಯೂದಿಲ್ಲ.

ಮನಿ ಬಾಗಿಲಕ್ಕ ಅಗಸಿ ಎಣ್ಣಿ ಒರಸೋದು ಚಲೋ ರೂಢಿ. ಆದ್ರ ದಿನಾ ಹನಿ ಬೀಳೋ ಕಡೆ ಅದೊಂದ ಸಾಲೂದಿಲ್ಲ. ಐಎಸ್ 710 ಮುದ್ರಿ ಇರೋ ಮರೈನ್ ಪ್ಲೈ ಕೇಳಿ ತಗೋರಿ. ಅಂಚು, ಸ್ಕ್ರೂ ತೂತಿಗೆ ಮೊದಲು ಎಪಾಕ್ಸಿ. ಒಣಗಿದ ಮ್ಯಾಲ ಪಿಯು (ಪಾಲಿಯುರೆಥೇನ್) ವಾರ್ನಿಶ್, ಎರಡು ಕೈ.

ಟ್ಯಾಂಕಿನ ಕಟ್ಟಿಗಿ ಮುಚ್ಚಳದ ಒಳಮೈಗೂ ವಾರ್ನಿಶ್ ಹಚ್ಚೂದು ಮರೀಬ್ಯಾಡ್ರಿ. ಚಳಿಗಾಲದ ರಾತ್ರಿ ಆವಿ ಅಲ್ಲೇ ಹನಿಗಟ್ಟತೈತಿ. ಗಾಳಿ ಆಡಾಕ ಹಿಂದ ಕಿಂಡಿ ಬಿಡ್ರಿ. ವಾರ್ನಿಶ್ ವಾಸನಿ ಪೂರಾ ಹೋಗೋತನಕ ಮೀನು ಮಾತ್ರ ಬಿಡಬ್ಯಾಡ್ರಿ.