ಹಾಸ್ಟೆಲ್ ಕೋಣೆ ಊರಿಗೆ ಹೋದಾಗ

ಬಾಂಬೆ ಐಐಟಿ ಆರಂಭವಾದದ್ದು 1958ರಲ್ಲಿ. ಅಲ್ಲಿಂದ 62 ವರ್ಷ ಕಳೆದ ಮೇಲೆ, 2020ರಲ್ಲಿ ಮೊದಲ ಬಾರಿಗೆ ಪವಾಯಿಯ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳಿಲ್ಲದೆ ಹೊಸ ಶೈಕ್ಷಣಿಕ ವರ್ಷ ಶುರುವಾಯಿತು. ಕೋವಿಡ್‌ನಿಂದಾಗಿ ಆ ವರ್ಷ ಮಾರ್ಚ್ ಮಧ್ಯದಲ್ಲೇ ತರಗತಿಗಳು ನಿಂತು, ಹಾಸ್ಟೆಲ್ ಬಿಟ್ಟು ಮನೆಗೆ ಹೋಗುವಂತೆ ಸೂಚನೆ ಹೊರಟಿತ್ತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು.

ವಸತಿ ವಿದ್ಯಾಲಯ ಮುಚ್ಚಿದಾಗ ನಿಲ್ಲುವುದು ಪಾಠವೊಂದೇ ಅಲ್ಲ. ಹಾಸ್ಟೆಲ್ ಕೋಣೆಯಲ್ಲಿ ಒಂದು ಮೇಜು, ಕೈಕೊಡದ ಕರೆಂಟು, ವೈಫೈ ಇರುತ್ತವೆ. ಹೊತ್ತಿಗೆ ಸರಿಯಾಗಿ ಮೆಸ್ಸಿನ ಊಟ ಸಿಗುತ್ತದೆ. ಸಾಹುಕಾರರ ಮಗನಿಗೂ ಕೂಲಿಯವನ ಮಗಳಿಗೂ ಅಲ್ಲಿ ಸಿಗುವುದು ಒಂದೇ. ಊರಿಗೆ ಮರಳಿದ ಕೂಡಲೇ ಆ ಸಮಾನತೆ ಹೋಯಿತು. ಹೈದರಾಬಾದ್ ವಿಶ್ವವಿದ್ಯಾಲಯ ತನ್ನ ಸುಮಾರು 2,500 ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಹೆಚ್ಚುಕಡಿಮೆ 90% ಮಂದಿಯ ಕೈಯಲ್ಲಿ ಮೊಬೈಲ್ ಇತ್ತು, ಆದರೆ ಆನ್‌ಲೈನ್ ತರಗತಿಗೆ ಕೂರಬಲ್ಲೆವು ಎಂದವರು 37% ಮಾತ್ರ. ಫೋನ್ ಇದ್ದರೆ ಸಾಲದು, ಗಂಟೆಗಟ್ಟಲೆ ವಿಡಿಯೊ ನೋಡುವಷ್ಟು ಡೇಟಾ ಬೇಕು, ಸಿಗ್ನಲ್ಲೂ ಬೇಕು.

ಮುಂದಿನ ಸೆಮಿಸ್ಟರ್ ಪೂರ್ತಿ ಆನ್‌ಲೈನ್ ಎಂದು ಬಾಂಬೆ ಐಐಟಿ ಜೂನ್ ಕೊನೆಯ ವಾರದಲ್ಲೇ ತೀರ್ಮಾನಿಸಿತು. ದೇಶದ ದೊಡ್ಡ ಸಂಸ್ಥೆಗಳಲ್ಲಿ ಇಷ್ಟು ಬೇಗ ಹೀಗೆ ಹೇಳಿದ್ದು ಇದೇ ಮೊದಲು. ತಿಂಗಳಿಗೊಮ್ಮೆ ದಿನಾಂಕ ಮುಂದೂಡುತ್ತ ಹೋಗುವುದಕ್ಕಿಂತ ಇದು ಎಷ್ಟೋ ಮೇಲು; ಮನೆಯವರಿಗೆ ತಯಾರಿಗೆ ಸಮಯ ಸಿಕ್ಕಿತು. ಆಗಿನ ನಿರ್ದೇಶಕ ಸುಭಾಸಿಸ್ ಚೌಧುರಿ ಈ ನಿರ್ಧಾರವನ್ನು ಪ್ರಕಟಿಸುವಾಗಲೇ ಹಣವನ್ನೂ ಕೇಳಿದರು. ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್, ಇಂಟರ್‌ನೆಟ್ ಒದಗಿಸಲು ಸುಮಾರು 5 ಕೋಟಿ ರೂಪಾಯಿ ಬೇಕೆಂಬ ಲೆಕ್ಕ ಮುಂದಿಟ್ಟು, ಹಳೆಯ ವಿದ್ಯಾರ್ಥಿಗಳ ಮುಂದೆ ಕೈಚಾಚಿದರು. ಕರ್ನಾಟಕ ಸರ್ಕಾರವೂ 2021ರಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ಮಕ್ಕಳಿಗೆ ಟ್ಯಾಬ್ಲೆಟ್ ಹಂಚಲು ಹೊರಟದ್ದು ಇದೇ ಕೊರತೆ ನೀಗಲು.

ಬಾಂಬೆ ಐಐಟಿಯ ಘಟಿಕೋತ್ಸವವೂ 2020ರ ಆಗಸ್ಟ್ 23ರಂದು ಪರದೆಯ ಮೇಲೆಯೇ ನಡೆಯಿತು. ನಿರ್ದೇಶಕರ ಡಿಜಿಟಲ್ ಅವತಾರ ವಿದ್ಯಾರ್ಥಿಯ ಡಿಜಿಟಲ್ ಅವತಾರಕ್ಕೆ ಪದವಿ ಪತ್ರ ಕೊಟ್ಟಿತು. ಮುಖ್ಯ ಅತಿಥಿ ನೊಬೆಲ್ ವಿಜ್ಞಾನಿ ಡಂಕನ್ ಹಾಲ್ಡೇನ್. ಕಾರ್ಟೂನಿನಂತೆ ಕಂಡದ್ದು ನಿಜ. ಆದರೂ ಊರಿನ ಮನೆಯಲ್ಲಿ ಅಪ್ಪ ಅಮ್ಮ ಪಕ್ಕದಲ್ಲೇ ಕೂತು ನೋಡಬಹುದಾಗಿತ್ತು.

ಪ್ರಯೋಗಾಲಯವನ್ನು ಮಾತ್ರ ಮನೆಗೆ ಕಳಿಸಲಾಗದು. ಆದರೆ 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆಯಲ್ಲಿ ಆಸ್ಪತ್ರೆಗಳು ಆಮ್ಲಜನಕಕ್ಕೆ ಪರದಾಡುತ್ತಿದ್ದಾಗ, ಬಾಂಬೆ ಐಐಟಿಯ ಶೈತ್ಯೀಕರಣ ಪ್ರಯೋಗಾಲಯವೇ ಹೊರಗಿನವರ ನೆರವಿಗೆ ಬಂತು. ಕಾರ್ಖಾನೆಗಳ ಸಾರಜನಕ ಘಟಕ ಗಾಳಿಯನ್ನು ಒತ್ತಡದಲ್ಲಿ ಇಂಗಾಲದ ಜರಡಿಯ ಮೂಲಕ ಹಾಯಿಸುತ್ತದೆ. ಜರಡಿ ಆಮ್ಲಜನಕವನ್ನು ಹಿಡಿದಿಟ್ಟು ಸಾರಜನಕವನ್ನು ಬಿಡುತ್ತದೆ. ಸಂಸ್ಥೆಯ ಪ್ರಾಧ್ಯಾಪಕ ಮಿಲಿಂದ್ ಅತ್ರೆ ಅವರ ತಂಡ ಇಂಗಾಲದ ಜಾಗಕ್ಕೆ ಜಿಯೊಲೈಟ್ ತುಂಬಿತು. ಜಿಯೊಲೈಟ್ ಹಿಡಿಯುವುದು ಸಾರಜನಕವನ್ನು, ಹೀಗಾಗಿ ಹೊರಬರುವುದು ಆಮ್ಲಜನಕ. ಟಾಟಾ ಕನ್ಸಲ್ಟಿಂಗ್ ಎಂಜಿನಿಯರ್ಸ್ ಮತ್ತು ಸ್ಪಾಂಟೆಕ್ ಕಂಪನಿಗಳ ಜತೆಗೂಡಿ ಮೂರು ದಿನದಲ್ಲಿ ನಿಲ್ಲಿಸಿದ ಘಟಕ 93ರಿಂದ 96% ಶುದ್ಧತೆಯ ಆಮ್ಲಜನಕ ಕೊಟ್ಟಿತು. ಹೊಸ ಸ್ಥಾವರಕ್ಕೆ ತಗಲುವ ವೆಚ್ಚದಲ್ಲಿ 10ರಿಂದ 15% ಇದ್ದರೆ ಸಾಕು, ಸಾರಜನಕ ಘಟಕವಿರುವ ಯಾವ ಕಾರ್ಖಾನೆಯೂ ಹೀಗೆ ಬದಲಾಯಿಸಿಕೊಳ್ಳಬಹುದು ಎಂದು ಸಂಸ್ಥೆ ತಿಳಿಸಿತು.